ದಾರಿಯಲ್ಲಿ ಕೆಟ್ಟು ನಿಂತ ಪಿಕಪ್: ಮೊದಲು ಕಲ್ಲು, ಆಮೇಲೆ ನ್ಯೂಟ್ರಲ್

‘ಗೇರು, ಕ್ಲಚ್ಚು ಎಲ್ಲಾ ಗಂಡಸರ ಉಸಾಬರಿ, ನಮಗ್ಯಾಕೆ?’ ಅಂತೀರಾ? ಹೂವು, ತರಕಾರಿ, ಹಾಲಿನ ಕ್ಯಾನು ಹೇರಿಕೊಂಡು ಓಡಾಡುವ ಹಳೆಯ ಪಿಕಪ್ ಮನೆಯಲ್ಲಿದ್ದರೆ, ಒಂದಲ್ಲ ಒಂದು ದಿನ ಅದು ದಾರಿಯಲ್ಲೇ ಮುಷ್ಕರ ಹೂಡುತ್ತದೆ. ಆಗ ಗಾಡಿಯನ್ನು ಬದಿಗೆ ಸರಿಸಬೇಕು. ಸರಿಸಲು ನ್ಯೂಟ್ರಲ್‌ಗೆ ತರಬೇಕು. ಅಪಾಯ ಇರುವುದೂ ಅಲ್ಲೇ.

ಇಂಜಿನ್ ನಿಂತ ಗಾಡಿ ಇಳಿಜಾರಿನಲ್ಲಿ ಉರುಳದೆ ನಿಂತಿದೆ ಎಂದರೆ, ಎಷ್ಟೋ ಸಲ ಅದನ್ನು ಹಿಡಿದಿರುವುದು ಗೇರೇ. ಸವೆದ ಹ್ಯಾಂಡ್‌ಬ್ರೇಕನ್ನು ನಂಬುವ ಹಾಗಿಲ್ಲ. ಗೇರು ಬಿಡಿಸಿದ್ದೇ ತಡ, ಹಗ್ಗ ಬಿಚ್ಚಿದ ಕರುವಿನಂತೆ ಗಾಡಿ ಹೊರಟೇಬಿಡುತ್ತದೆ. ಇಂಜಿನ್ ಓಡದಿರುವಾಗ ಬ್ರೇಕಿಗೆ ಸಿಗುವ ನೆರವು ಒಂದೆರಡು ಸಲ ತುಳಿಯುವಷ್ಟರಲ್ಲಿ ಮುಗಿದು, ಪೆಡಲು ಕಲ್ಲಾಗುತ್ತದೆ. ಪವರ್ ಸ್ಟಿಯರಿಂಗ್ ಇದ್ದರೆ ಅದೂ ಭಾರವಾಗುತ್ತದೆ.

ಕೈಯಿಂದ ಗೇರು ಹಾಕುವ ಗಾಡಿಯಾದರೆ ಕ್ರಮ ಹೀಗಿರಲಿ:

1. ಹ್ಯಾಂಡ್‌ಬ್ರೇಕ್ ಎಳೆದು, ಎಚ್ಚರಿಕೆಯ ದೀಪ ಹಾಕಿ. ಮಕ್ಕಳುಮರಿಗಳನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಗಾಡಿಯ ಇಳಿಜಾರಿನ ಕಡೆ ಯಾರೂ ಸುಳಿಯಬಾರದು.

2. ಹಿಂದಿನ ಎರಡೂ ಚಕ್ರಗಳಿಗೆ, ಇಳಿಜಾರಿನ ಕಡೆಯಿಂದ, ದಪ್ಪನೆಯ ಕಲ್ಲು ಕೊಡಿ. ಚಕ್ರದ ಪಕ್ಕದಲ್ಲಿ ನಿಂತು ಇಡಿ. ದುಂಡುಕಲ್ಲು ಬೇಡ, ಉರುಳಿಬಿಡುತ್ತದೆ.

3. ಈಗ ಚಾಲಕರ ಸೀಟಿನಲ್ಲಿ ಕುಳಿತು ಬೀಗದ ಕೈ ತಿರುಗಿಸಿ ಸ್ಟಿಯರಿಂಗ್ ಬಿಡಿಸಿ. ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಪೂರ್ತಿ ತುಳಿದು, ಲಿವರನ್ನು ನಡುವೆ ತನ್ನಿ. ಎಡಕ್ಕೂ ಬಲಕ್ಕೂ ಸಲೀಸಾಗಿ ಆಡಿದರೆ ನ್ಯೂಟ್ರಲ್ ಆಯಿತೆಂದು ತಿಳಿಯಿರಿ.

4. ಲಿವರ್ ಬಿಗಿದುಕೊಂಡಿದ್ದರೆ ಗುದ್ದಾಡಬೇಡಿ. ಗಾಡಿಯ ಭಾರ ಗೇರಿನ ಹಲ್ಲುಗಳ ಮೇಲೆ ಕೂತಿರಬಹುದು. ಸಮತಟ್ಟು ಜಾಗದಲ್ಲಿ ಗಾಡಿಯನ್ನು ಹಿಂದೆ ಮುಂದೆ ಒಂಚೂರು ಅಲುಗಿಸಿದರೆ ಸಡಿಲವಾಗುತ್ತದೆ. ಇಳಿಜಾರಾದರೆ ಆ ಸಾಹಸ ಬೇಡ, ಮೆಕ್ಯಾನಿಕ್ಕೇ ಬರಲಿ.

ತಳ್ಳುವುದೇನಿದ್ದರೂ ಸಮತಟ್ಟಿನಲ್ಲಿ ಮಾತ್ರ. ಆಗಲೂ ಒಬ್ಬರು ಬ್ರೇಕಿನ ಮೇಲೆ ಕಾಲಿಟ್ಟು ಒಳಗೆ ಕೂತಿರಲೇಬೇಕು. ಇಳಿಜಾರಿನಲ್ಲಿ ಎಳೆಯುವ ಗಾಡಿಯನ್ನೇ ಕರೆಸಿ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ ಫೋನ್ ಮಾಡಿದರೆ ನೆರವು ಸಿಗುತ್ತದೆ. ಅಕಸ್ಮಾತ್ ಗಾಡಿ ಉರುಳತೊಡಗಿದರೆ ಅಡ್ಡ ಹೋಗಿ ತಡೆಯಲು ಮಾತ್ರ ನೋಡಬೇಡಿ. ಗಾಡಿ ಹೋದರೆ ಹೋಗಲಿ, ಜೀವ ಮುಖ್ಯ.

ಬದಿಗೆ ಸೇರಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಮುಖ ಏರಿನ ಕಡೆಗಿದ್ದರೆ ಒಂದನೇ ಗೇರು, ಇಳಿಜಾರಿನ ಕಡೆಗಿದ್ದರೆ ರಿವರ್ಸ್ ಗೇರು ಹಾಕಿ, ಮತ್ತೆ ಕಲ್ಲು ಕೊಡಿ. ರಿಪೇರಿಯಾಗಿ ಹೊರಡುವಾಗ ಆ ಕಲ್ಲುಗಳನ್ನು ರಸ್ತೆಯಿಂದಾಚೆ ಎಸೆಯಲು ಮರೆಯಬೇಡಿ. ಕತ್ತಲಲ್ಲಿ ಸ್ಕೂಟರಿನಲ್ಲಿ ಬರುವವರನ್ನೂ ಮನೆಯಲ್ಲಿ ಯಾರೋ ಕಾಯುತ್ತಿರುತ್ತಾರೆ, ಅಲ್ಲವೇ?