ತೆನೆ ಮನೆಗೆ ಬರುವ ದಿನ

ಮಂಗಳೂರಿನಿಂದ ಬಿ.ಸಿ. ರೋಡಿನ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತವರಿಗೆ ಫರಂಗಿಪೇಟೆ ಅಂದರೆ ಹೆದ್ದಾರಿ ಬದಿಯ ಅಂಗಡಿ ಸಾಲು, ಅಷ್ಟೇ. ಇಳಿದು ನೇತ್ರಾವತಿ ದಡದ ಗುಡ್ಡ ಹತ್ತಿದರೆ ಮೊಂತೆ ಮರಿಯಾನೊ ಇದೆ, ಕಪುಚಿನ್ ಸಂನ್ಯಾಸಿಗಳ ಆಶ್ರಮದ ಜಾಗ. ಸೆಪ್ಟೆಂಬರ್ 8ರ ಬೆಳಿಗ್ಗೆ ಆ ದಾರಿಯಲ್ಲಿ ಮಕ್ಕಳೇ ಮುಂದೆ. ಕೈಯಲ್ಲೊಂದು ಬುಟ್ಟಿ ಅಥವಾ ತಟ್ಟೆ, ಅದರ ತುಂಬ ದಾಸವಾಳ, ಕೇಪಳ, ಗೊಂಡೆ, ಬೇಲಿ ಬದಿಯಲ್ಲಿ ಸಿಕ್ಕಿದ ಹೆಸರು ಗೊತ್ತಿಲ್ಲದ ಹೂಗಳು. ರಾತ್ರಿ ಸುರಿದ ಮಳೆಗೆ ಎಲ್ಲವೂ ಒದ್ದೆ.

ಇದು ಮೊಂತಿ ಫೆಸ್ತ್, ಕರಾವಳಿಯ ಕೊಂಕಣಿ ಕ್ಯಾಥೊಲಿಕರ ತೆನೆ ಹಬ್ಬ. ಚರ್ಚಿನ ಪಂಚಾಂಗದಲ್ಲಿ ಇದು ಕನ್ಯಾ ಮರಿಯಮ್ಮನ ಹುಟ್ಟುಹಬ್ಬ. ಆಗಸ್ಟ್ 30ರಿಂದಲೇ ಒಂಬತ್ತು ದಿನಗಳ ನೊವೆನಾ ಶುರುವಾಗಿರುತ್ತದೆ. ಪ್ರತಿ ದಿನವೂ ಮಕ್ಕಳು ಹೂ ತಂದು ಬಾಲೆ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಗೋವೆಯಿಂದ ಬಂದಿದ್ದ ಪಾದ್ರಿ ಜೋಕಿಂ ಮಿರಾಂದಾ 1763ರಲ್ಲಿ ಈ ಹಬ್ಬವನ್ನು ಶುರು ಮಾಡಿದ್ದು ಇದೇ ಗುಡ್ಡದಲ್ಲಿ. ಇಪ್ಪತ್ತೊಂದು ವರ್ಷ ಕಳೆದು, 1784ರಲ್ಲಿ, ಟಿಪ್ಪುವಿನ ಸೇನೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿತು. ಹಲವು ಇಗರ್ಜಿಗಳು ನೆಲಸಮವಾದವು. ಮಿರಾಂದಾ ಪಾದ್ರಿಗೂ ಟಿಪ್ಪುವಿನ ತಂದೆ ಹೈದರಾಲಿಗೂ ಇದ್ದ ಸ್ನೇಹದ ಕಾರಣ ಈ ಗುಡ್ಡದ ಇಗರ್ಜಿ ಉಳಿಯಿತು ಎಂದು ಈ ಕಡೆಯವರು ಹೇಳುತ್ತಾ ಬಂದಿದ್ದಾರೆ. 1799ರ ನಂತರ ಸೆರೆಯಿಂದ ಮರಳಿದವರು ಮತ್ತೆ ಗದ್ದೆಗಿಳಿದರು, ತೆನೆ ಮತ್ತೆ ಪೀಠದೆದುರು ಬಂತು. ಹದಿನೈದು ವರ್ಷ ಸೆರೆಯಲ್ಲಿದ್ದು ಬಂದವರು ಮೊದಲ ಬೆಳೆಯನ್ನು ದೇವರ ಮುಂದಿಟ್ಟು ಏನು ಕೇಳಿಕೊಂಡಿರಬಹುದು ಎಂಬ ಯೋಚನೆ ಈ ಅಂಗಳದಲ್ಲಿ ನಿಂತಾಗ ನನ್ನನ್ನು ಬಿಡುವುದಿಲ್ಲ.

ತೆನೆಯ ಕಟ್ಟುಗಳನ್ನು ಒಂದು ಮೇಜಿನ ಮೇಲೆ ಜೋಡಿಸಿಟ್ಟಿದ್ದರು. ಏಣೆಲು, ಅಂದರೆ ಮಳೆಗಾಲದ ಬೆಳೆಯ ತೆನೆ. ಪೂರ್ತಿ ಹಣ್ಣಾಗಿಲ್ಲ, ಬುಡದ ಕಡೆ ಇನ್ನೂ ಹಸಿರು, ತುದಿಯಲ್ಲಿ ಮಾತ್ರ ಹೊಂಬಣ್ಣ. ಒಂದು ಕಾಳನ್ನು ಉಗುರಿನಿಂದ ಒತ್ತಿದರೆ ಒಳಗಿನ ಹಾಲು ಆಗಷ್ಟೇ ಗಟ್ಟಿಯಾಗುತ್ತಿರುವುದು ಗೊತ್ತಾಗುತ್ತದೆ. ಗುರುಗಳು ಪ್ರಾರ್ಥನೆ ಹೇಳಿ, ತೀರ್ಥ ಚಿಮುಕಿಸಿ, ಧೂಪ ಹಾಕಿದರು. ಆಮೇಲೆ ಮೆರವಣಿಗೆ, ಕೊಂಕಣಿ ಕೀರ್ತನೆ, ಮಕ್ಕಳ ಹೂವಿನ ಮಳೆ, ಬಲಿಪೂಜೆ. ಪೂಜೆ ಮುಗಿದದ್ದೇ ಮಕ್ಕಳೆಲ್ಲ ಕಬ್ಬಿನ ತುಂಡಿಗೆ ಸಾಲು ನಿಂತರು. ದೊಡ್ಡವರ ಸಾಲು ಬೇರೆ, ತೆನೆಗಾಗಿ. ನನ್ನ ಮುಂದಿದ್ದ ಹಿರಿಯ ಹೆಂಗಸು ತನಗೆ ಸಿಕ್ಕಿದ ತೆನೆಯನ್ನು ತಿರುಗಿಸಿ ನೋಡಿ, ಜೊಳ್ಳಿಲ್ಲವೆಂದು ಖಚಿತ ಮಾಡಿಕೊಂಡು, ಸೆರಗಿನಲ್ಲಿ ಸುತ್ತಿಕೊಂಡರು.

“ಬಾಯಮ್ಮಾ, ಇಷ್ಟು ತೆನೆ ಎಲ್ಲಿಂದ ಬರ್ತದೆ?” ಎಂದು ಕೇಳಿದೆ.

“ಮೊದಲು ನಮ್ಮ ಗದ್ದೆಯದ್ದೇ ತರ್ತಿದ್ದೆವು. ಈಗ ಗದ್ದೆಯಲ್ಲಿ ಅಡಿಕೆ. ಅಕೋ, ಅವರು ಬೆಳೆದು ಕೊಡ್ತಾರೆ” ಎಂದು ಅಂಗಳದ ಮೂಲೆಯಲ್ಲಿ ನಿಂತಿದ್ದ ಒಬ್ಬರನ್ನು ತೋರಿಸಿದರು. “ಮನೆಗೆ ಬನ್ನಿ. ಇವತ್ತು ಯಾರೂ ಹೊರಗೆ ಊಟ ಮಾಡಬಾರದು.”

ಈ ಹಬ್ಬದ ಬಗ್ಗೆ ನನ್ನ ಮಾತು ಒಂದೇ. ಅದು ಇಗರ್ಜಿಯಲ್ಲಿ ಮುಗಿಯುವುದಿಲ್ಲ. ಪೀಠದ ಮುಂದೆ ಆಗುವುದು ಅರ್ಧ. ಉಳಿದರ್ಧ ಅಡುಗೆಮನೆಗೂ ಊಟದ ಎಲೆಗೂ ಸೇರಿದ್ದು. ಅಲ್ಲಿ ಗುರುಗಳಿರುವುದಿಲ್ಲ, ಮನೆಯ ಹಿರಿಯರೇ ಆ ಕೆಲಸ ಮಾಡುತ್ತಾರೆ. ದೇವರ ಜೊತೆಗಿನ ಸಂಬಂಧವನ್ನು ಭಾನುವಾರಕ್ಕೆ ಮಾತ್ರ ಇಟ್ಟುಕೊಂಡವರಿಗೆ ಇದು ಅರ್ಥವಾಗುವುದು ಕಷ್ಟ. ಬೈಬಲಿನ ಯಾಜಕಕಾಂಡದಲ್ಲಿ ಪ್ರಥಮಫಲದ ಸಿವುಡನ್ನು ಯಾಜಕನ ಬಳಿ ತರಬೇಕೆಂಬ ವಿಧಿಯಿದೆ. ಇಲ್ಲಿ ಆ ಸಿವುಡು ದೇವರ ಸನ್ನಿಧಿಗೆ ಹೋಗಿ, ಮತ್ತೆ ಮನೆಗೆ ಬರುತ್ತದೆ.

ಬಾಯಮ್ಮನ ಮನೆಯಲ್ಲಿ ಯೇಸುವಿನ ಪಟದೆದುರು ಮೇಣದಬತ್ತಿ ಹಚ್ಚಿ, ತೆನೆಯನ್ನು ಅಲ್ಲಿ ಇಟ್ಟರು. ಎಲ್ಲರೂ ಮೊಣಕಾಲೂರಿದರು. ಪ್ರಾರ್ಥನೆಯಾದ ಮೇಲೆ ಬಾಯಮ್ಮ ನೆಲದಲ್ಲಿ ಕೂತು ಕಾಳು ಬಿಡಿಸತೊಡಗಿದರು. ಹಸಿ ಭತ್ತದ ಸಿಪ್ಪೆ ಸುಲಭಕ್ಕೆ ಬಿಡುವುದಿಲ್ಲ. ಹೆಬ್ಬೆರಳಿನ ಉಗುರಿನಿಂದ ಒಂದೊಂದನ್ನೇ ಸೀಳಿ, ಒಳಗಿನ ಬಿಳಿ ಅಕ್ಕಿಯನ್ನು ಸಣ್ಣ ಬಟ್ಟಲಿಗೆ ಹಾಕುತ್ತಿದ್ದರು. ಮೊಮ್ಮಗಳೂ ಪಕ್ಕದಲ್ಲಿ ಕೂತು ಬಿಡಿಸಿದಳು, ಅವಳ ಪಾಲಿನದು ಅರ್ಧ ಪುಡಿಯಾಗಿಯೇ ಬಂತು. ಅದನ್ನು ಕುಟ್ಟಿ ತೆಂಗಿನ ಹಾಲಿಗೆ ಬೆರೆಸಿ, ಬೆಲ್ಲ ಹಾಕಿ, ಹಿರಿಯರಿಂದ ಕಿರಿಯರವರೆಗೆ ಒಂದೊಂದು ಚಮಚ ಕೊಟ್ಟರು. ನನಗೂ ಬಂತು. ಹಸಿ ಅಕ್ಕಿಯ ವಾಸನೆ, ಹುಲ್ಲಿನ ರುಚಿ, ಆಮೇಲೆ ಬೆಲ್ಲ. ಕೊಂಕಣಿಯಲ್ಲಿ ಇದೇ ‘ನವೆಂ’, ಹೊಸತು ತಿನ್ನುವುದು.

ಕೆಲವು ಕಾಳುಗಳನ್ನು ಮಾತ್ರ ಸಿಪ್ಪೆ ಸಮೇತ ಬೇರೆ ಇಟ್ಟಿದ್ದರು. ಅವು ಕುವೈತಿನಲ್ಲಿರುವ ಕಿರಿಯ ಮಗನಿಗೆ. ಊರಿಂದ ಹೋಗುವವರು ಯಾರಾದರೂ ಸಿಕ್ಕಿದರೆ ಅವರ ಕೈಯಲ್ಲಿ, ಇಲ್ಲದಿದ್ದರೆ ಲಕೋಟೆಯಲ್ಲಿ. ಗಲ್ಫ್‌ಗೆ, ಮುಂಬಯಿಗೆ ಹೀಗೆ ಹೋಗುವ ತೆನೆಕಾಳು ಕರಾವಳಿಯ ಎಷ್ಟೋ ಮನೆಗಳಿಂದ ಹೊರಡುತ್ತದೆ. ಮನೆಯವರೆಲ್ಲ ಒಟ್ಟಿಗೆ ಉಣ್ಣಬೇಕೆಂಬುದು ಹಬ್ಬದ ನಿಯಮ. ದೂರ ಇದ್ದವನನ್ನೂ ಆ ಲೆಕ್ಕಕ್ಕೆ ತೆಗೆದುಕೊಳ್ಳುವ ದಾರಿ ಇದು.

ಊಟ ಬಾಳೆ ಎಲೆಯಲ್ಲಿ. ದಿನವೂ ಮೀನು ಬೇಯುವ ಮನೆಯಲ್ಲಿ ಅಂದು ಮೀನಿಲ್ಲ, ಮಾಂಸವಿಲ್ಲ. ತರಕಾರಿ ಪದಾರ್ಥಗಳು ಬೆಸ ಸಂಖ್ಯೆಯಲ್ಲಿರಬೇಕು, ಇವರದು ಏಳು. ಅಂಬಟೆಕಾಯಿ ಹಾಕಿದ ಕೆಸುವಿನ ದಂಟು, ಬೆಂಡೆ, ಹೀರೆ, ಹರಿವೆ, ಅಲಸಂಡೆ, ಸೌತೆ, ಹಾಗಲ. ಕೊನೆಗೆ ಕಡಲೆಬೇಳೆ ಪಾಯಸ. ತರಕಾರಿಯೆಲ್ಲ ಮಳೆಗಾಲದ ಹಿತ್ತಿಲಿನವು. ತುಳುವರ ಮನೆಗಳಲ್ಲೂ ಇದೇ ಸುಮಾರಿಗೆ ತೆನೆ ಕಟ್ಟಿ ಹೊಸ ಅಕ್ಕಿ ಊಟ ಮಾಡುತ್ತಾರೆ, ಗೋವೆಯಲ್ಲಿ ಆಗಸ್ಟಿನಲ್ಲೇ ಕೊಣ್ಸಾಂಚೆಂ ಫೆಸ್ತ್ ಎಂಬ ತೆನೆ ಹಬ್ಬ ಆಗುತ್ತದೆ. ಗೋವೆ ಬಿಟ್ಟು ಬಂದ ಇಲ್ಲಿನ ಕ್ಯಾಥೊಲಿಕರ ಹಿರಿಯರು ಈ ಮಣ್ಣಿನ ಬೆಳೆಗೆ ತಮ್ಮ ಹಬ್ಬದ ದಿನವನ್ನು ಹೊಂದಿಸಿಕೊಂಡರು. ಇದರಿಂದ ಅವರ ನಂಬಿಕೆ ತೆಳುವಾಯಿತೆಂದು ನಾನು ಒಪ್ಪುವುದಿಲ್ಲ. ಅಂದಂದಿನ ಆಹಾರ ಕೊಡು ಎಂದು ತಂದೆಯನ್ನು ಕೇಳಲು ಯೇಸು ಕಲಿಸಿದ. ಆ ಆಹಾರ ಯಾವ ಗದ್ದೆಯಿಂದ ಬಂತೆಂದು ತಿಳಿದು ಕೇಳುವವರ ಪ್ರಾರ್ಥನೆಗೆ ತೂಕ ಹೆಚ್ಚು.

ಸಂಜೆ ಇಳಿದು ಬರುವಾಗ ತೆನೆ ಕೊಟ್ಟ ಆ ಕೃಷಿಕರು ಮತ್ತೆ ಸಿಕ್ಕರು. ಹಬ್ಬದ ದಿನಕ್ಕೆ ತೆನೆ ಸರಿಯಾಗಿ ಬಲಿಯಬೇಕೆಂದರೆ ಲೆಕ್ಕ ಹಾಕಿ ಬಿತ್ತಬೇಕು, ಮಳೆ ತಡವಾದ ವರ್ಷ ನಿದ್ದೆ ಬರುವುದಿಲ್ಲ ಎಂದರು. ಹಂದಿ, ನವಿಲಿನ ಕಾಟ ಬೇರೆ. ನಾಟಿಗೆ ಜನ ಸಿಗದೆ ಎರಡು ಗದ್ದೆಯನ್ನು ಬೆಳೆಯಿಲ್ಲದೆ ಹಡೀಲು ಬಿಟ್ಟಿದ್ದಾರೆ, ತೆನೆಯ ಗದ್ದೆಯನ್ನು ಮಾತ್ರ ಬಿಟ್ಟಿಲ್ಲ. ಮುಂದಿನ ಜೂನಿನಲ್ಲಿ ಇಗರ್ಜಿಯ ಯುವಕರು ನೇಜಿ ನೆಡಲು ಬರುತ್ತೇವೆಂದು ಮಾತು ಕೊಟ್ಟಿದ್ದಾರಂತೆ. “ಬಂದರೆ ಇನ್ನೊಂದು ಗದ್ದೆಯನ್ನೂ ಉಳುಮೆ ಮಾಡಿಸ್ತೇನೆ” ಎಂದು ಹೇಳಿ ಬೈಕು ಹತ್ತಿದರು.