ಬೇಳೆ ಬೇಯದ ನೀರೂ ಸಂಶೋಧನೆಯ ವಿಷಯವೇ

ಹಾಸನದ ಪದವಿ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ನನ್ನ ತರಗತಿಯ ಬಹಳಷ್ಟು ಮಕ್ಕಳು ಬೆಳಗಿನ ಬಸ್ಸು ಹಿಡಿದು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯ ಹಳ್ಳಿಗಳಿಂದ ಬರುತ್ತಾರೆ. ಮನೆಯ ನೀರು ಹೇಗಿದೆ ಎಂದು ಕೇಳಿದಾಗ ಚನ್ನರಾಯಪಟ್ಟಣ ಕಡೆಯ ಹುಡುಗಿಯೊಬ್ಬಳು ಹೇಳಿದಳು: “ಬೋರಿನ ನೀರಲ್ಲಿ ಬೇಳೆ ಬೇಯೋದೇ ಇಲ್ಲ ಮೇಡಂ. ಬೇಳೆಗೆ ಅಂತಲೇ ನಮ್ಮಮ್ಮ ಬೇರೆ ನೀರು ಹೊತ್ಕೊಂಡ್ ಬರ್ತಾರೆ.”

ಆ ತಾಯಿಯ ದೂರಿನಲ್ಲಿ ರಸಾಯನಶಾಸ್ತ್ರವಿದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಬೇಳೆಯೊಳಗಿನ ಪೆಕ್ಟಿನ್ ಜೊತೆ ಸೇರಿ ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಪದವಿಯ ಲ್ಯಾಬಿನಲ್ಲಿ ಮಾಡಿಸುವ ಇಡಿಟಿಎ ಟೈಟ್ರೇಷನ್ ಅಳೆಯುವುದು ಇದೇ ಗಡಸುತನವನ್ನು. ಬ್ಯುರೆಟ್ಟಿನಿಂದ ಹನಿ ಬೀಳುತ್ತಾ ಫ್ಲಾಸ್ಕಿನ ಕೆಂಪು ನೀಲಿಗೆ ತಿರುಗಿದರೆ ಲೆಕ್ಕ ಸಿಕ್ಕಂತೆ. ಲ್ಯಾಬಿನಲ್ಲೇ ತಯಾರಿಸಿದ ದ್ರಾವಣದ ಬದಲು ಊರಿನ ನೀರನ್ನು ಇಟ್ಟರೆ, ಉತ್ತರ ಮೊದಲೇ ಗೊತ್ತಿಲ್ಲದ ಪ್ರಶ್ನೆಯೊಂದು ವಿದ್ಯಾರ್ಥಿಯ ಕೈಗೆ ಬರುತ್ತದೆ.

ಇಂಥ ಪ್ರಶ್ನೆಗಳಿಗೆ ನಮ್ಮ ಜಿಲ್ಲೆ ಹೇಳಿ ಮಾಡಿಸಿದ ಜಾಗ. ಪಶ್ಚಿಮಕ್ಕೆ ಮಲೆನಾಡಿನ ಮಳೆ, ಪೂರ್ವಕ್ಕೆ ತೆಂಗು, ರಾಗಿ, ಕೊಳವೆಬಾವಿಗಳ ಬಯಲು. ನಡುವೆ ಹೇಮಾವತಿ ನದಿ, ಅದಕ್ಕೆ ಗೊರೂರಿನಲ್ಲಿ 1979ರಲ್ಲಿ ಮುಗಿದ ಅಣೆಕಟ್ಟು. ಅರಕಲಗೂಡಿನ ಕಡೆ ಆಲೂಗಡ್ಡೆ, ಹೊಗೆಸೊಪ್ಪು. ಹೊಲಕ್ಕೆ ಸುರಿದ ಗೊಬ್ಬರ, ತಿಪ್ಪೆ, ಶೌಚದ ಗುಂಡಿಗಳಿಂದ ನೈಟ್ರೇಟ್ ಬಾವಿಗಿಳಿಯಬಹುದು. ಫ್ಲೋರೈಡ್ ಹೆಚ್ಚಾಗಿ ಬಂಡೆಯಿಂದಲೇ ಕರಗಿ ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಬೇರೆ ನೀರು ಸಿಗದ ಕಡೆಯೂ ಫ್ಲೋರೈಡ್ 1.5, ಗಡಸುತನ 600 ಮಿಲಿಗ್ರಾಂ ದಾಟಬಾರದು.

ಇಷ್ಟು ತಾಲ್ಲೂಕುಗಳ ಬಾವಿಗಳನ್ನು ಒಬ್ಬ ಅಧ್ಯಾಪಕಿ ಸುತ್ತಿ ಮುಗಿಸಲಾರಳು. ಆದರೆ ತರಗತಿಯ ಮಕ್ಕಳು ದಿನವೂ ಆ ಊರುಗಳಿಗೇ ಮರಳುತ್ತಾರೆ. ಬಾವಿ ಎಷ್ಟು ಅಡಿ, ಯಾವ ವರ್ಷ ತೋಡಿಸಿದ್ದು, ಯಾವ ಬೇಸಿಗೆಯಲ್ಲಿ ಬತ್ತಿತು ಎಂಬುದನ್ನು ಊರಿನವರು ತಮ್ಮೂರ ಹುಡುಗನಿಗೆ ಮನಸ್ಸು ಬಿಚ್ಚಿ ಹೇಳುತ್ತಾರೆ. ಹಾಗೆಂದು ಶಿಸ್ತು ಸಡಿಲವಾಗುವಂತಿಲ್ಲ. ಮೋಟಾರು ಕೆಲವು ನಿಮಿಷ ಓಡಿದ ಮೇಲೆ ನೀರು ಹಿಡಿಯಬೇಕು. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಫ್ಲೋರೈಡ್ ಪರೀಕ್ಷೆಗಾದರೆ ಗಾಜು ಬೇಡ, ಪ್ಲಾಸ್ಟಿಕ್ಕೇ ಆಗಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಅದೇ ಬಾವಿಯ ನೀರನ್ನು ನೋಡಬೇಕು.

ಪದವಿಯ ಮಕ್ಕಳಿಗೆ ಇದು ಭಾರವೇನಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗಳಿಗೆ ನೆರವು ಕೊಡುತ್ತಾ ಬಂದಿದೆ. ಕೃಷಿ ಪದವಿಯ ಮಕ್ಕಳು ಕೊನೆಯ ವರ್ಷದಲ್ಲಿ ಹಳ್ಳಿಯಲ್ಲೇ ಉಳಿದು ಕಲಿಯುತ್ತಾರೆ. ಬಿ.ಎಸ್ಸಿ., ಬಿ.ಎ. ಮಕ್ಕಳಿಗೂ ಅಂಥ ಅವಕಾಶ ಬೇಕು. 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿಯಲ್ಲಿ ಸಂಶೋಧನೆಗೆ ಕೊನೆಯ ವರ್ಷ ಜಾಗವಿತ್ತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿದೆ. ಹಾಗಾಗಿ ಈ ಕೆಲಸವನ್ನು ಎರಡನೆಯ ವರ್ಷದಲ್ಲೇ ಶುರುಮಾಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಪರೀಕ್ಷೆಯ ಫಲಿತಾಂಶ ಕಾಲೇಜಿನ ಬೀರುವಿನಲ್ಲಿ ಉಳಿಯಬಾರದು. ಮಿತಿ ಮೀರಿದ್ದು ಕಂಡರೆ ಮೊದಲು ಸರ್ಕಾರಿ ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಂಡು, ಒಂದು ಹಾಳೆಯಲ್ಲಿ ಸರಳ ಕನ್ನಡದಲ್ಲಿ ಬರೆದು ಬಾವಿಯ ಮನೆಯವರಿಗೂ ಗ್ರಾಮ ಪಂಚಾಯಿತಿಗೂ ಕೊಡಬೇಕು. ಮಕ್ಕಳೇ ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಲಿ, ಜನ ಕೇಳುವ ಪ್ರಶ್ನೆಗೆ ನಿಂತು ಉತ್ತರಿಸಲಿ. ಗೊತ್ತಾಗದ್ದನ್ನು ಬರೆದುಕೊಂಡು ಬರಲಿ. ಮುಂದಿನ ವರ್ಷದ ವಿದ್ಯಾರ್ಥಿಗಳ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.