ರುಜು ಬಿದ್ದ ಕಾಗದ

ತುರ್ಗೆನೆವ್, ಟಾಲ್‌ಸ್ಟಾಯ್ ಮೊದಲಾದ ರಷ್ಯನ್ ಕಾದಂಬರಿಕಾರರ ಮಾತು ತರಗತಿಯಲ್ಲಿ ಬಂದಾಗ ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಸಾರ್, ಜೀತದ ರೈತರನ್ನು ಬಿಡುಗಡೆ ಮಾಡಿದ ದೊರೆಯನ್ನೇ ಏಕೆ ಕೊಂದರು?” ಎಂದು ಕೇಳಿದ. ಗಂಟೆ ಹೊಡೆಯುವುದರಲ್ಲಿತ್ತು. “ಕೊಟ್ಟದ್ದು ಸಾಲದೆಂದು” ಎಂದುಬಿಟ್ಟು ಹೊರಬಂದೆ. ಉತ್ತರ ಸುಳ್ಳಲ್ಲ, ಆದರೆ ಪರೀಕ್ಷೆಗೆ ಬರೆಸುವ ಟಿಪ್ಪಣಿಗಿಂತ ಹೆಚ್ಚಿನದೂ ಅಲ್ಲ. ಆ ಹುಡುಗನಿಗೆ ಸಲ್ಲಬೇಕಾಗಿದ್ದ ಬಾಕಿಯನ್ನು ಇಲ್ಲಿ ತೀರಿಸಲು ಯತ್ನಿಸುತ್ತೇನೆ.

1881ರ ಮಾರ್ಚ್ 1, ಭಾನುವಾರ. ಇದು ರಷ್ಯದ ಹಳೆಯ ಪಂಚಾಂಗದ ಲೆಕ್ಕ. ನಮ್ಮ ಲೆಕ್ಕಕ್ಕೆ ಮಾರ್ಚ್ 13. ಅಂದು ಬೆಳಗ್ಗೆ ಸೇಂಟ್ ಪೀಟರ್ಸ್‌ಬರ್ಗ್‌ನ ಅರಮನೆಯಲ್ಲಿ ಎರಡನೆಯ ಅಲೆಕ್ಸಾಂಡರ್ ಒಂದು ಕಾಗದಕ್ಕೆ ಒಪ್ಪಿಗೆಯಿತ್ತ. ಮಂತ್ರಿ ಲೋರಿಸ್-ಮೆಲಿಕೋವ್ ಸಿದ್ಧಪಡಿಸಿದ್ದ ಯೋಜನೆ ಅದು. ಶಾಸನಗಳ ಕರಡನ್ನು ಪರಿಶೀಲಿಸುವಾಗ ಪ್ರಾಂತ್ಯಗಳಿಂದಲೂ ನಗರಗಳಿಂದಲೂ ಚುನಾಯಿತರಾದವರ ಅಭಿಪ್ರಾಯವನ್ನು ಕೇಳಬೇಕೆಂಬುದು ಅದರ ತಿರುಳು. ಮಧ್ಯಾಹ್ನ, ಸೈನ್ಯದ ಕವಾಯತನ್ನು ನೋಡಿ ಮರಳುತ್ತಿದ್ದಾಗ ಕ್ಯಾಥರೀನ್ ಕಾಲುವೆಯ ಬಳಿ ಮೊದಲ ಬಾಂಬು ಬಿತ್ತು. ದೊರೆಗೆ ಗಾಯವಾಗಲಿಲ್ಲ. ಗಾಯಗೊಂಡವರನ್ನು ನೋಡಲೆಂದು ಆತ ಬಂಡಿಯಿಂದಿಳಿದ. ಎರಡನೆಯ ಬಾಂಬು ಅವನ ಕಾಲ ಬಳಿಯೇ ಸಿಡಿಯಿತು. ಕೆಲವೇ ಗಂಟೆಗಳಲ್ಲಿ ಆತ ಅರಮನೆಯಲ್ಲಿ ಪ್ರಾಣಬಿಟ್ಟ.

ಕಥೆ ಇಲ್ಲಿಗೆ ಬಂದು ಮುಟ್ಟಲು ಐವತ್ತೈದು ವರ್ಷ ಹಿಡಿಯಿತು. 1825ರ ಡಿಸೆಂಬರ್ 14ರಂದು ಕೆಲವು ಸೈನ್ಯಾಧಿಕಾರಿಗಳು ರಾಜ್ಯಾಂಗವನ್ನು ಬೇಡಿ ರಾಜಧಾನಿಯ ಚೌಕದಲ್ಲಿ ದಂಡನ್ನು ನಿಲ್ಲಿಸಿದರು. ಹೊಸದಾಗಿ ಪಟ್ಟಕ್ಕೆ ಬಂದಿದ್ದ ಒಂದನೆಯ ನಿಕೋಲಸ್ ಫಿರಂಗಿಯಿಂದ ಉತ್ತರ ಕೊಟ್ಟ. ಮರುವರ್ಷ ಐವರನ್ನು ಗಲ್ಲಿಗೇರಿಸಿದರು. ಮೂವರ ಹಗ್ಗ ಕಡಿದುಬಿತ್ತು, ಅವರನ್ನು ಮತ್ತೆ ನೇಣಿಗೆ ಹಾಕಿದರು. ಆ ಐವರಲ್ಲಿ ರಿಲೇಯೆವ್ ಎಂಬ ಕವಿಯೂ ಒಬ್ಬ. ಅನಂತರದ ಮೂವತ್ತು ವರ್ಷ ರಷ್ಯದಲ್ಲಿ ಪಿಸುಮಾತಿಗೂ ಕಾವಲು.

ನಿಕೋಲಸನ ಮಗನೇ ಎರಡನೆಯ ಅಲೆಕ್ಸಾಂಡರ್. ಅವನಿಗೆ ವಿದ್ಯೆ ಕಲಿಸಿದವನು ಜುಕೋವ್‌ಸ್ಕಿ ಎಂಬ ಕವಿ. ನಮ್ಮಂಥ ಮೇಷ್ಟರುಗಳಿಗೆ ಇದು ಹೆಮ್ಮೆಯ ಸಂಗತಿಯೇ. ಕ್ರಿಮಿಯಾ ಯುದ್ಧದ ಸೋಲು ಈ ದೊರೆಯ ಕಣ್ಣು ತೆರೆಸಿತು. ಜೀತ ಕೆಳಗಿನಿಂದ ತಾನಾಗಿಯೇ ಅಳಿಯುವವರೆಗೆ ಕಾಯುವುದಕ್ಕಿಂತ ಮೇಲಿನಿಂದ ನಾವೇ ತೆಗೆಯುವುದು ಲೇಸು ಎಂದು 1856ರಲ್ಲಿ ಮಾಸ್ಕೋವಿನ ಶ್ರೀಮಂತರಿಗೆ ಹೇಳಿದ. 1861ರ ಫೆಬ್ರವರಿ 19ರಂದು ಬಿಡುಗಡೆಯ ಘೋಷಣೆಗೆ ರುಜು ಹಾಕಿದ. 2 ಕೋಟಿಗೂ ಮಿಕ್ಕ ಜನ ಒಡೆಯರ ಸೊತ್ತಾಗಿರುವುದು ತಪ್ಪಿತು.

ಭಾಷೆಯ ಉಪಾಧ್ಯಾಯನಾದ ನನ್ನನ್ನು ಬಹುವಾಗಿ ಕಾಡುವುದು ಆ ಘೋಷಣೆಯ ಮಾತು. ಅದನ್ನು ಬರೆದವರು ಮಾಸ್ಕೋವಿನ ಧರ್ಮಗುರು ಫಿಲಾರೆತ್. ಶೈಲಿ ಗಂಭೀರ, ಪ್ರೌಢ, ದೇವಾಲಯಕ್ಕೆ ತಕ್ಕದ್ದು. ಚರ್ಚುಗಳಲ್ಲಿ ಅದನ್ನು ಓದಿದಾಗ ರೈತರು ತಲೆಬಾಗಿ ಕೇಳಿದರು, ಅರ್ಥಮಾತ್ರ ಆಗಲಿಲ್ಲ. ನೆಲಕ್ಕೆ ಬೆಲೆ ತೆರಬೇಕು. ಸರಕಾರ ಕೊಟ್ಟ ಸಾಲವನ್ನು 49 ವರ್ಷ ಕಂತಿನಲ್ಲಿ ತೀರಿಸಬೇಕು. ಅಲ್ಲಿಯವರೆಗೆ ಊರಿನ ಸಮುದಾಯದ ಕಟ್ಟಿಗೆ ಒಳಪಟ್ಟಿರಬೇಕು. ತಲೆಮಾರುಗಳಿಂದ ತಾವು ಉತ್ತ ನೆಲಕ್ಕೆ ತಾವೇ ಬೆಲೆ ಕೊಡುವುದೆಂದರೇನು? ದೊರೆ ಹೀಗೆ ಬರೆದಿರಲಾರ, ನಿಜವಾದ ಕಾಗದವನ್ನು ಜಮೀನುದಾರರು ಬಚ್ಚಿಟ್ಟಿದ್ದಾರೆ ಎಂದೇ ಅನೇಕರು ನಂಬಿದರು. ಕಜಾನ್ ಪ್ರಾಂತ್ಯದ ಬೆಜ್ದ್ನಾ ಎಂಬ ಹಳ್ಳಿಯಲ್ಲಿ ಆಂತೋನ್ ಪೆತ್ರೋವ್ ಎಂಬ ರೈತ ಆ ಶಾಸನವನ್ನು ತನ್ನಷ್ಟಕ್ಕೆ ಓದಿ, ಪೂರ್ಣ ಸ್ವಾತಂತ್ರ್ಯ ಇದರಲ್ಲೇ ಇದೆಯೆಂದು ವ್ಯಾಖ್ಯಾನ ಮಾಡಿದ. ಸಾವಿರಾರು ಜನ ನೆರೆದರು. ಸೈನಿಕರು ಗುಂಡು ಹಾರಿಸಿದರು, ಹಲವರು ಸತ್ತರು, ಪೆತ್ರೋವನಿಗೂ ಮರಣದಂಡನೆಯಾಯಿತು. ಒಂದು ಪಠ್ಯವನ್ನು ತಪ್ಪಾಗಿ ಓದಿದ್ದಕ್ಕೆ ಇಷ್ಟು ಬೆಲೆ ತೆತ್ತವನನ್ನು ನಾನು ಬೇರೆಲ್ಲೂ ಕಂಡಿಲ್ಲ. ತಪ್ಪೆನ್ನಲೂ ನನಗೆ ಮನಸ್ಸಿಲ್ಲ.

1864ರಲ್ಲಿ ನ್ಯಾಯಾಲಯಗಳು ಸುಧಾರಿಸಿದವು, ಜೆಮ್‌ಸ್ತ್ವೊ ಎಂಬ ಸ್ಥಳೀಯ ಸಭೆಗಳು ಹುಟ್ಟಿದವು. 1866ರಲ್ಲಿ ಕರಕೋಜೋವ್ ಎಂಬ ತರುಣ ದೊರೆಯ ಮೇಲೆ ಗುಂಡು ಹಾರಿಸಿದ ಮೇಲೆ ಕೊಟ್ಟ ಕೈ ಹಿಂದೆಗೆಯಿತು. ದೇಶಕ್ಕೆಲ್ಲ ಒಂದು ಸಭೆ ಬೇಕೆಂಬ ಮಾತಿಗೆ ದೊರೆ ಕಿವಿಗೊಡಲಿಲ್ಲ. ತರುಣರು ಬಾಂಬಿಗೆ ಕೈಹಾಕಿದರು. 1880ರ ಫೆಬ್ರವರಿಯಲ್ಲಿ, ಬಡಗಿಯಾಗಿ ಸೇರಿಕೊಂಡಿದ್ದ ಖಾಲ್ತೂರಿನ್ ಅರಮನೆಯೊಳಗೇ ಮದ್ದು ಸಿಡಿಸಿದ. ದೊರೆ ಉಳಿದ, ಸತ್ತವರು ಕಾವಲಿನ ಬಡ ಸೈನಿಕರು. ಆ ಭಯದಲ್ಲೇ ಲೋರಿಸ್-ಮೆಲಿಕೋವ್‌ಗೆ ಅಧಿಕಾರ ಬಂತು, ಅವನಿಂದ ಆ ಕಾಗದ ಬಂತು.

ದೊರೆ ಸತ್ತ ಮೇಲೆ ಟಾಲ್‌ಸ್ಟಾಯ್ ಹೊಸ ದೊರೆ ಮೂರನೆಯ ಅಲೆಕ್ಸಾಂಡರನಿಗೆ ಪತ್ರ ಬರೆದು, ತಂದೆಯ ಕೊಲೆಗಡುಕರನ್ನು ಕ್ಷಮಿಸೆಂದು ಬೇಡಿದ. ಹೊಸ ದೊರೆಗೆ ಹಿಂದೆ ಗುರುವಾಗಿದ್ದ ಪೊಬೆದೊನೋಸ್ತ್ಸೆವ್ ಆ ಪತ್ರವನ್ನು ತಲುಪಿಸಲು ಒಪ್ಪಲಿಲ್ಲ. ಅದು ಬೇರೆ ದಾರಿಯಿಂದ ಹೋಯಿತಾದರೂ ಫಲವಾಗಲಿಲ್ಲ. ಏಪ್ರಿಲ್ 3ರಂದು ಐವರು ಗಲ್ಲಿಗೇರಿದರು. ಅವರಲ್ಲಿ ಸೋಫಿಯಾ ಪೆರೋವ್‌ಸ್ಕಯಾ ಎಂಬ ಹೆಣ್ಣುಮಗಳೊಬ್ಬಳು. ಏಪ್ರಿಲ್ 29ರಂದು, ಪೊಬೆದೊನೋಸ್ತ್ಸೆವ್ ಬರೆದುಕೊಟ್ಟ ಘೋಷಣೆ ನಿರಂಕುಶ ಪ್ರಭುತ್ವವನ್ನು ಮತ್ತೆ ಎತ್ತಿಹಿಡಿಯಿತು. ಲೋರಿಸ್-ಮೆಲಿಕೋವ್ ರಾಜೀನಾಮೆಯಿತ್ತ, ರುಜು ಬಿದ್ದ ಕಾಗದ ಕಡತ ಸೇರಿತು.

ಆ ಬಾಂಬು ಬೀಳದಿದ್ದರೆ ರಷ್ಯ ಉಳಿಯುತ್ತಿತ್ತೆಂದು ನಾನು ಬಹುಕಾಲ ನಂಬಿದ್ದೆ. ಈಗ ಅಷ್ಟು ಧೈರ್ಯವಿಲ್ಲ. ಆ ಕಾಗದ ಕೊಟ್ಟದ್ದು ಸಲಹೆಯ ಹಕ್ಕು ಮಾತ್ರ. ಕೇಳುವುದೂ ಬಿಡುವುದೂ ದೊರೆಯ ಚಿತ್ತ. ಆದರೂ ಬಾಂಬು ಹಾಕಿದವರು, ಆ ಚಿತ್ತವನ್ನು ಇನ್ನೂ ಗಡುಸಾದವನ ಕೈಗೆ ಕೊಟ್ಟರು ಎಂಬುದನ್ನು ಅಲ್ಲಗಳೆಯಲಾರೆ.

ಆರು ವರ್ಷಗಳ ಮೇಲೆ, 1887ರ ಅದೇ ಮಾರ್ಚ್ 1ರಂದು, ಮೂರನೆಯ ಅಲೆಕ್ಸಾಂಡರನನ್ನು ಕೊಲ್ಲಲು ಬಾಂಬು ಹಿಡಿದು ಬಂದ ವಿದ್ಯಾರ್ಥಿಗಳು ಸಿಕ್ಕಿಬಿದ್ದರು. ಮೇ ತಿಂಗಳಲ್ಲಿ ಗಲ್ಲಿಗೇರಿದವರು ಮತ್ತೆ ಐವರು. ಅವರಲ್ಲೊಬ್ಬ ಅಲೆಕ್ಸಾಂಡರ್ ಉಲ್ಯಾನೋವ್, ಪ್ರಾಣಿಶಾಸ್ತ್ರದಲ್ಲಿ ಪದಕ ಪಡೆದಿದ್ದ ಜಾಣ ಹುಡುಗ. ಅವನ ತಮ್ಮ ವ್ಲಾದಿಮಿರ್ ಆಗ ಶಾಲೆಯ ಕೊನೆಯ ಪರೀಕ್ಷೆಗೆ ಕೂತಿದ್ದ. ಮುಂದೆ ಜಗತ್ತು ಅವನನ್ನು ಲೆನಿನ್ ಎಂದು ಕರೆಯಿತು.